ಬಾಲ್ಕನಿಯ ಐವತ್ತು ಟೈಲು

ಶನಿವಾರ ಬೆಳಗ್ಗೆ ಶುರುವಾಗುವ ಆ ಸದ್ದು ಪುಣೆಯಲ್ಲಿರಲಿ, ಮುಂಬಯಿ, ಹೈದರಾಬಾದಿನಲ್ಲಿರಲಿ, ಫ್ಲ್ಯಾಟಿನಲ್ಲಿ ಇರುವವರಿಗೆಲ್ಲ ಗೊತ್ತು. ಯಾರದೋ ಮನೆಯಲ್ಲಿ ಟೈಲು ಬದಲಾಗುತ್ತಿದೆ. ಗ್ರೈಂಡರಿಗೆ ಡೈಮಂಡ್ ಬ್ಲೇಡು ಹಾಕಿ ಒಣಗಿದ ಟೈಲನ್ನೇ ಕೊಯ್ಯುತ್ತಿದ್ದಾರೆ. ಸದ್ದಿಗೆ ಸೊಸೈಟಿಯ ನಿಯಮವುಂಟು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಂದ್. ಧೂಳಿಗೆ ಮಾತ್ರ ಯಾವ ನಿಯಮವೂ ಇಲ್ಲ. ಅದು ಕಿಟಕಿಯ ಜಾಳಿಗೆಯಿಂದ, ಬಾಗಿಲ ಸಂದಿಯಿಂದ ಇಳಿದುಬಂದು ಟಿವಿಯ ಮೇಲೆ, ಅಡಿಗೆಮನೆಯ ಡಬ್ಬಿಗಳ ಮೇಲೆ ಹಿಟ್ಟಿನ ಹಾಗೆ ಕೂರುತ್ತದೆ.

ಕಳೆದ ವರ್ಷ ನಮ್ಮ ಮೇಲಿನ ಮನೆಯಲ್ಲಿ ಎರಡು ತಿಂಗಳು ಈ ಕೆಲಸ ನಡೆಯಿತು. ನನ್ನ ಮಗಳಿಗೆ ಆಗ ಎಂಟು ವರ್ಷ. ಹುಟ್ಟಿನಿಂದಲೇ ಅವಳಿಗೆ ಉಬ್ಬಸದ ತೊಂದರೆ. ಆ ಎರಡು ತಿಂಗಳಲ್ಲಿ ನೆಬ್ಯುಲೈಜರ್ ಕಪಾಟಿನೊಳಗೆ ಹೋಗಲೇ ಇಲ್ಲ. ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಭರಣಿಯ ಪಕ್ಕದಲ್ಲೇ ಇರುತ್ತಿತ್ತು. ರಾತ್ರಿ ಅವಳ ಎದೆಯಿಂದ ಬರುವ ಸಿಳ್ಳೆಯಂಥ ಸದ್ದಿಗೆ ಕಿವಿಗೊಟ್ಟು ಮಲಗುವುದು ನನಗೂ ನನ್ನ ಹೆಂಡತಿಗೂ ರೂಢಿಯಾಗಿಬಿಟ್ಟಿತ್ತು. ಹೀಗಾಗಿ ಈ ಮೇ ತಿಂಗಳಲ್ಲಿ ನಮ್ಮದೇ ಬಾಲ್ಕನಿಯ ಟೈಲುಗಳು ಒಂದು ಮಧ್ಯಾಹ್ನ 'ಡಬ್' ಎಂದು ಸದ್ದು ಮಾಡಿ ಜೋಡಿ ಹಂಚಿನ ಹಾಗೆ ಎದ್ದು ನಿಂತಾಗ ಅವಳು ಹೇಳಿದ್ದು ಒಂದೇ ಮಾತು: "ಏನಾರ ಮಾಡ್ರಿ, ಈ ಮನಿಯೊಳಗ ಆ ಮಷೀನ್ ಮಾತ್ರ ಬರಬಾರದು."

ಟೈಲು ಯಾಕೆ ಎದ್ದಿತು ಎನ್ನುವುದು ಎರಡು ನಿಮಿಷ ನೋಡಿದರೆ ತಿಳಿಯುವಂತಿತ್ತು. ಕಟ್ಟಿಸಿದವರು ಟೈಲಿಗೆ ಟೈಲು ತಾಗಿಸಿ, ನಾಲ್ಕೂ ಗೋಡೆಗೆ ಒತ್ತಿ ಕೂರಿಸಿದ್ದರು. ಬಿಸಿಲಿಗೆ ಟೈಲು ಹಿಗ್ಗುತ್ತದೆ, ಬಹಳ ಸ್ವಲ್ಪ, ಆದರೆ ಹಿಗ್ಗುತ್ತದೆ. ಅದಕ್ಕೆ ಜಾಗ ಇರದಿದ್ದರೆ ಒಂದನ್ನೊಂದು ನೂಕುತ್ತ ನೂಕುತ್ತ ಕೊನೆಗೆ ಅಂಟು ಎಲ್ಲಿ ದುರ್ಬಲವೋ ಅಲ್ಲಿ ಮೇಲಕ್ಕೆ ಏಳುತ್ತದೆ. ಕೆಳಗೆ ಬಡಿದು ನೋಡಿದರೆ ಅರ್ಧಕ್ಕರ್ಧ ಟೈಲುಗಳ ಅಡಿಯಲ್ಲಿ ಟೊಳ್ಳು. ಹೆಂಚಿನಷ್ಟು ಸುಲಭವಾಗಿ ಎತ್ತಬಹುದಿತ್ತು.

ಬಾಲ್ಕನಿಯ ಅಳತೆ ಸುಮಾರು 40 ಚದರ ಅಡಿ. ಪುಣೆಯಲ್ಲಿ 40 ಚದರ ಅಡಿಯ ಕೆಲಸಕ್ಕೆ ಯಾರೂ ಬರುವುದಿಲ್ಲ. ಒಬ್ಬ ಕಾಂಟ್ರಾಕ್ಟರ್ ಇಡೀ ಮನೆಯ ನೆಲ ಬದಲಿಸುವುದಾದರೆ ಹೇಳಿ ಎಂದ. ಇನ್ನೊಬ್ಬ ಕೊಟ್ಟ ರೇಟಿನಲ್ಲಿ ಊರಿಗೆ ಸಕುಟುಂಬ ಹೋಗಿ ಜಾತ್ರೆ ಮುಗಿಸಿ ಬರಬಹುದಿತ್ತು. ಇಬ್ಬರೂ ಕೊಯ್ಯುವುದು ಗ್ರೈಂಡರಿನಿಂದಲೇ.

ಕೈಯಿಂದ ಟೈಲು ಕತ್ತರಿಸುವ ಕಟರ್ ನಾನು ನೋಡಿದ್ದು ಆಫೀಸಿನ ಪ್ಯಾಂಟ್ರಿ ರಿಪೇರಿಯಲ್ಲಿ. ಕೆಲಸದ ಹೊತ್ತಿನಲ್ಲೇ ರಿಪೇರಿ ಮಾಡಬೇಕಿತ್ತು, ಸದ್ದು ಮಾಡುವಂತಿರಲಿಲ್ಲ. ಪಕ್ಕದ ಮೀಟಿಂಗ್ ರೂಮಿನಲ್ಲಿ ನಾವು ಸ್ಪ್ರಿಂಟ್ ಪ್ಲಾನಿಂಗ್ ಎಂಬ ಹೆಸರಿನಲ್ಲಿ ಒಬ್ಬರನ್ನೊಬ್ಬರು ಕೊಯ್ಯುತ್ತಿದ್ದ ಸದ್ದೇ ಅದಕ್ಕಿಂತ ಜೋರಾಗಿತ್ತು. ಅದು ನೆನಪಿದ್ದುದರಿಂದ ಭವಾನಿ ಪೇಠದ ಟಿಂಬರ್ ಮಾರ್ಕೆಟ್ ಕಡೆ ಹೋಗಿ ನಾಲ್ಕು ಹಾರ್ಡ್‌ವೇರ್ ಅಂಗಡಿ ಅಲೆದು 600 ಮಿಲಿಮೀಟರ್ ಉದ್ದದ ಒಂದನ್ನು ತಂದೆ. 3,400 ರೂಪಾಯಿ.

ನೋಡಲಿಕ್ಕೆ ಬಹಳ ಸಾದಾ ಸಾಮಾನು. ಒಂದು ಉದ್ದನೆಯ ಕಬ್ಬಿಣದ ಪೀಠ, ಅದರ ಮೇಲೆ ರಬ್ಬರಿನ ಹಾಸು, ನಟ್ಟನಡುವೆ ಉದ್ದಕ್ಕೂ ತುಸು ಎದ್ದ ಒಂದು ದಿಂಡು. ಮೇಲೆ ಎರಡು ಉಕ್ಕಿನ ಕಂಬಿ. ಅವುಗಳ ಮೇಲೆ ಹಿಂದೆ ಮುಂದೆ ಜಾರುವ ಒಂದು ಹಿಡಿಕೆ. ಹಿಡಿಕೆಯ ಬುಡದಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಪುಟ್ಟ ಚಕ್ರ, ನಮ್ಮ ಅವ್ವ ಕರಿಗಡುಬಿನ ಅಂಚು ಕತ್ತರಿಸುವ ಚಕ್ರದ ಚಿಕ್ಕ ತಮ್ಮ ಎನ್ನಬಹುದು. ಚಕ್ರದ ಹಿಂದೆ ಎರಡು ರೆಕ್ಕೆಯಂಥ ಒತ್ತುಪಟ್ಟಿ. ಮೋಟಾರಿಲ್ಲ, ವೈರಿಲ್ಲ. ಸ್ಪೇನ್ ದೇಶದಲ್ಲಿ, ಬಾರ್ಸಿಲೋನಾ ಹತ್ತಿರದ ರೂಬಿ ಎಂಬ ಊರಿನಲ್ಲಿ ಬೋಅಡಾ ಸೋದರರು 1951ರಲ್ಲಿ ಇಂಥ ಕಟರ್ ಮಾಡಲು ಶುರುಮಾಡಿದರು. ಅಂದಿನಿಂದ ಇದರ ಮೂಲ ಸ್ವರೂಪ ಹೆಚ್ಚೇನೂ ಬದಲಾಗಿಲ್ಲ.

ಇದಕ್ಕೆ ಕಟರ್ ಎಂದು ಹೆಸರಿದ್ದರೂ ಇದು ಕತ್ತರಿಸುವುದಿಲ್ಲ. ಗೀರುತ್ತದೆ, ಆಮೇಲೆ ಮುರಿಯುತ್ತದೆ. ಟೈಲಿನ ಹೊಳಪಿನ ಮುಖ ಮೇಲಿರಬೇಕು. ಚಕ್ರವನ್ನು ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಒಂದೇ ಒತ್ತಡದಲ್ಲಿ, ನಡುವೆ ನಿಲ್ಲದೆ, ಒಮ್ಮೆ ಮಾತ್ರ ಎಳೆಯಬೇಕು. 'ಝರ್ರ್' ಎಂದು ಒಂದೇ ಶ್ರುತಿಯ ಸದ್ದು ಬಂದರೆ ಗೀರು ಸರಿ. ನಡುವೆ ಸದ್ದು ಕಡಿದರೆ ಅಲ್ಲಿ ಗೀರೂ ಕಡಿದಿದೆ ಎಂದು ಲೆಕ್ಕ. ಆಮೇಲೆ ಒತ್ತುಪಟ್ಟಿಯನ್ನು ಟೈಲಿನ ಅಂಚಿಗೆ ತಂದು ಹಿಡಿಕೆಯನ್ನು ಮೆಲ್ಲಗೆ ಅದುಮಿದರೆ 'ಟಕ್'. ಎರಡು ತುಂಡು. ಮೂಗಿಗೆ ಬರುವಂಥದ್ದೇನೂ ಇಲ್ಲ. ಗೀರಿನ ಉದ್ದಕ್ಕೂ ಕೂದಲೆಳೆಯಷ್ಟು ಪುಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಎರಡನೇ ಸಲ ಗೀರಬಾರದು ಎನ್ನುವುದು ಬಹಳ ಜನಕ್ಕೆ ವಿಚಿತ್ರವೆನಿಸುತ್ತದೆ. ಚೂರಿಯಿಂದ ಹಲಸು ಕೊಯ್ದ ಹಾಗೆ ಮತ್ತೆ ಮತ್ತೆ ಎಳೆದರೆ ಆಳಕ್ಕೆ ಇಳಿಯುತ್ತದಲ್ಲ ಎಂದು ಅನ್ನಿಸುವುದು ಸಹಜ. ಆದರೆ ಇಲ್ಲಿ ಬೇಕಾಗಿರುವುದು ಆಳವಲ್ಲ, ಮೊನಚಾದ ಒಂದೇ ಒಂದು ಬಿರುಕು. ಎಂ.ಟೆಕ್ ಓದುವಾಗ ಗ್ರಿಫಿತ್ ಎಂಬಾತ 1921ರಲ್ಲಿ ಪ್ರಕಟಿಸಿದ ಸಿದ್ಧಾಂತ ಪರೀಕ್ಷೆಗೆಂದು ಉರುಹೊಡೆದಿದ್ದೆ. ಗಾಜಿನಂಥ ಪೆಡಸು ವಸ್ತುವಿನ ಶಕ್ತಿಯನ್ನು ನಿರ್ಧರಿಸುವುದು ಅದರೊಳಗಿನ ಸಣ್ಣ ಸಣ್ಣ ಬಿರುಕುಗಳು. ಎಳೆತ ಬಿದ್ದಾಗ ಒತ್ತಡವೆಲ್ಲ ಬಿರುಕಿನ ತುದಿಯಲ್ಲಿ ಗುಂಪುಗೂಡಿ, ಬಿರುಕು ತಾನೇ ಓಡುತ್ತದೆ. ನಡುವಿನ ದಿಂಡಿನ ಮೇಲೆ ಟೈಲನ್ನು ಬಗ್ಗಿಸಿದಾಗ ಮೇಲ್ಮುಖಕ್ಕೆ ಎಳೆತ ಬೀಳುತ್ತದೆ, ಗೀರು ಬಾಯಿ ತೆರೆದು ಕೆಳಗಿನ ತನಕ ಓಡುತ್ತದೆ. ಎರಡು ಸಲ ಗೀರಿದರೆ ಅಕ್ಕಪಕ್ಕ ಇನ್ನಷ್ಟು ಬಿರುಕು ಎದ್ದು, ಓಡಬೇಕಾದದ್ದು ಯಾವ ದಾರಿ ಹಿಡಿಯಬೇಕೆಂದು ಗಲಿಬಿಲಿಯಾಗುತ್ತದೆ. ಅಂದು 13 ಅಂಕದ ಪ್ರಶ್ನೆಯಾಗಿದ್ದದ್ದು ಹದಿನಾಲ್ಕು ವರ್ಷದ ನಂತರ ಬಾಲ್ಕನಿಯಲ್ಲಿ 'ಟಕ್' ಎಂದಾಗ ಆದ ಖುಷಿಯನ್ನು ಮನೆಯಲ್ಲಿ ಯಾರಿಗೂ ವಿವರಿಸಲಾಗಲಿಲ್ಲ.

ಅವ್ವನಿಗೆ ಮಾತ್ರ ಇದು ಹೊಸದೆನ್ನಿಸಲಿಲ್ಲ. ನಮ್ಮದು ವಿಜಯಪುರ ಜಿಲ್ಲೆಯ ಹಳ್ಳಿ. ಮನೆಯ ನೆಲ ಶಹಾಬಾದ್ ಫರಸಿ. ಕಲಬುರಗಿ ಜಿಲ್ಲೆಯ ಶಹಾಬಾದಿನ ಸುತ್ತ ನೆಲದಡಿಯಲ್ಲಿ ಪದರ ಪದರವಾಗಿ ಸಿಗುವ ಸುಣ್ಣದ ಕಲ್ಲು ಅದು. ಅದೇ ಕಲ್ಲು ಸ್ವಲ್ಪ ದೂರದ ವಾಡಿಯಲ್ಲಿ ಸಿಮೆಂಟಾಗುತ್ತದೆ, ಇಲ್ಲಿ ನೆಲವಾಗುತ್ತದೆ. ರೈಲು ಹತ್ತಿ ಸೊಲ್ಲಾಪುರ ದಾಟಿ ಪುಣೆಗೂ ಬಂತು. ಇಲ್ಲಿಯ ಹಳೆಯ ಮನೆಗಳ ಪಡಸಾಲೆ, ಕಟ್ಟೆ, ಫುಟ್‌ಪಾತುಗಳಲ್ಲಿ ಈಗಲೂ ಇದೆ. 'ಶಹಾಬಾದಿ' ಎನ್ನುವ ಮರಾಠಿಯವರಲ್ಲಿ ಎಷ್ಟು ಜನಕ್ಕೆ ಅದು ನಮ್ಮ ಕಡೆಯ ಊರಿನ ಹೆಸರೆಂದು ಗೊತ್ತೋ. ಅವ್ವ ಹೇಳಿದಳು: "ಫರಸಿ ಹಾಕೂ ಮುಂದ ಹಿಂಗ ಮಾಡ್ತಿದ್ರಪಾ. ಚಾಣದಿಂದ ಗೆರಿ ಹೊಡದು, ಕೆಳಗ ಕೋಲು ಇಟ್ಟು, ಸುತ್ತಿಗಿಂದ ಟಕ್ ಅನಸ್ತಿದ್ರು." ಗೆರೆ, ಕೆಳಗಿನ ಆಧಾರ, ಮೇಲಿನ ಹೊಡೆತ. ಮೂರೂ ಇದರಲ್ಲೂ ಇವೆ.

ಕತ್ತರಿಸುವುದಕ್ಕಿಂತ ಮುಂಚಿನ ಲೆಕ್ಕವೇ ನಿಜವಾದ ಕೆಲಸ. ನಮ್ಮ ಬಾಲ್ಕನಿಯ ಉದ್ದ 2750 ಮಿಲಿಮೀಟರ್, ಅಗಲ 1380. ತಂದ ಟೈಲು 300ಕ್ಕೆ 300, ಕಾಲು ಜಾರದಂಥ ಒರಟು ಮುಖದ ಸಿರಾಮಿಕ್. ಒರಟು ತೀರಾ ಹೆಚ್ಚಾಗಿದ್ದರೆ ಚಕ್ರ ಕುಣಿಯುತ್ತ ಹೋಗಿ ಗೀರು ಕಡಿಯುತ್ತದೆ. ಆದ್ದರಿಂದ ಅಂಗಡಿಯಲ್ಲೇ ಬೆರಳಾಡಿಸಿ ಹದವಾದದ್ದನ್ನು ಆರಿಸಿದ್ದೆ. ಗೋಡೆಯ ಬದಿ ಎರಡೂ ಕಡೆ 5 ಮಿಲಿಮೀಟರ್ ಬಿಡಬೇಕು, ಟೈಲಿಗೂ ಟೈಲಿಗೂ ನಡುವೆ 3. ಉದ್ದಕ್ಕೆ ಒಂಬತ್ತು ಇಡೀ ಟೈಲು ಇಟ್ಟರೆ ಕೊನೆಗೆ ಉಳಿಯುವುದು 13 ಮಿಲಿಮೀಟರಿನ ಪಟ್ಟಿ. ಕಣ್ಣಿಗೆ ಅಸಹ್ಯ, ಅದಕ್ಕಿಂತ ಮುಖ್ಯವಾಗಿ ಕಟರಿನಲ್ಲಿ ಅಂಥ ಸಣಕಲು ಪಟ್ಟಿ ಮುರಿಯುವುದು ಬಹಳ ಕಷ್ಟ. ಒಂದು ಕಡೆ ಹಿಡಿತಕ್ಕೆ ಜಾಗವೇ ಇರುವುದಿಲ್ಲವಲ್ಲ, ಬಿರುಕು ದಾರಿ ತಪ್ಪಿ ಹೊರಗೆ ಓಡುತ್ತದೆ. ಹಾಗಾಗಿ ಎಂಟೇ ಇಡೀ ಟೈಲು, ಎರಡೂ ತುದಿಗೆ 156 ಮಿಲಿಮೀಟರಿನ ತುಂಡು. ಅಗಲಕ್ಕೆ ನಾಲ್ಕು ಇಡೀ, ಒಳಗೋಡೆಯ ಬದಿಗೆ 158ರ ಒಂದು. ಒಟ್ಟು 50 ಜಾಗ, ಅದರಲ್ಲಿ 18 ಕತ್ತರಿಸಿದವು. ಮೂಲೆಯ ಎರಡಕ್ಕೆ ಎರಡೆರಡು ಗೀರು. ಒಂದು ಟೈಲಿನಿಂದ ಎರಡು ತುಂಡು ಹೊರಡುವುದಿಲ್ಲ, 156ರ ಎರಡರಷ್ಟು 312. ಉಳಿದ ತುಂಡುಗಳನ್ನು ಗೋಡೆಯ ಬುಡಕ್ಕೆ ಸ್ಕರ್ಟಿಂಗ್ ಮಾಡಿದೆ.

ಇದನ್ನೆಲ್ಲ ಎಕ್ಸೆಲ್‌ನಲ್ಲಿ ಹಾಕಿಕೊಂಡಿದ್ದೆ. ನಗಬೇಡಿ.

ಈ ಕಟರಿಗೆ ಆಗದ ಕೆಲಸವೂ ಇದೆ. ದುಂಡಗೆ ತೂತು ಕೊರೆಯಲು ಬರುವುದಿಲ್ಲ. ಎಲ್ ಆಕಾರಕ್ಕೆ ಕೊಯ್ಯಲು ಬರುವುದಿಲ್ಲ, ಏಕೆಂದರೆ ಬಿರುಕಿಗೆ ಅರ್ಧ ದಾರಿಯಲ್ಲಿ ನಿಲ್ಲುವುದು ಗೊತ್ತಿಲ್ಲ. ನಮ್ಮ ಬಾಲ್ಕನಿಯ ಹೊರಮೂಲೆಯಲ್ಲಿ ನೀರು ಹೋಗುವ ಚೌಕ ಜಾಳಿ. ಗ್ರೈಂಡರ್ ಇದ್ದಿದ್ದರೆ ಒಂದು ಟೈಲಿನ ಮೂಲೆ ಕೊಯ್ದು ಕೂರಿಸುವ ಜಾಗ ಅದು. ಅಲ್ಲಿ ಎಲ್ ಆಕಾರವನ್ನು ಎರಡು ನೇರ ತುಂಡುಗಳನ್ನಾಗಿ ಯೋಚಿಸಬೇಕಾಯಿತು. ಒಂದು ದೊಡ್ಡದು, ಇನ್ನೊಂದು 28 ಮಿಲಿಮೀಟರಿನ ಪಟ್ಟಿ. ಆ ಪಟ್ಟಿಯನ್ನು ಗೀರಿದ ಮೇಲೆ ಕಟರಿನಲ್ಲಿ ಒತ್ತದೆ ಟೈಲಿನ ಇಕ್ಕಳದಿಂದ ಹಿಡಿದು ಮುರಿದೆ. ನೆಲದ ಮೇಲೆ ಒಂದು ಗೆರೆ ಹೆಚ್ಚಾಯಿತು. ಹೇಳಿದರೆ ಮಾತ್ರ ಕಾಣುತ್ತದೆ.

ಧೂಳೇ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಳೆಯ ಟೈಲು ಎಬ್ಬಿಸುವಾಗ ನೆಲಕ್ಕೆ ನೀರು ಹೊಡೆಯುತ್ತಲೇ ಇರಬೇಕಾಯಿತು, ಅಂಟಿನ ಪುಡಿ ಕಲಸುವಾಗಲೂ ಧೂಳು ಏಳುತ್ತದೆ. ಆ ಎರಡು ದಿನ ಮಗಳನ್ನು ನಿಗಡಿಯಲ್ಲಿರುವ ನನ್ನ ತಂಗಿಯ ಮನೆಗೆ ಕಳಿಸಿದ್ದೆವು. ಟೈಲು ಮುರಿಯುವ ದಿನ ಅವಳು ಮನೆಯಲ್ಲೇ ಇದ್ದಳು, ಒಳಗಿನಿಂದ ಪ್ರತಿ 'ಟಕ್'ಗೂ ಎಣಿಕೆ ಹೇಳುತ್ತಿದ್ದಳು. ಕೈಗವಸು, ಕನ್ನಡಕ ಮರೆಯಬೇಡಿ. ಮುರಿದ ಅಂಚು ಬ್ಲೇಡಿನಷ್ಟು ಹರಿತ. ಸಾಣೆಕಲ್ಲಿನಿಂದ ನಾಲ್ಕು ಸಲ ಉಜ್ಜಬೇಕು.

ನೆಲದ ಮಟ್ಟಕ್ಕೆ ಮಾತ್ರ ಬಲ್ಲವರು ಬೇಕಿತ್ತು. ಬಾಲ್ಕನಿಯ ನೆಲ ಜಾಳಿಯ ಕಡೆಗೆ ಮೀಟರಿಗೆ ಸುಮಾರು 10 ಮಿಲಿಮೀಟರ್ ಇಳಿಯಬೇಕು, ಅದೂ ಕಣ್ಣಿಗೆ ಕಾಣದ ಹಾಗೆ. ಇದು ಯಾವ ಎಕ್ಸೆಲ್‌ನಿಂದಲೂ ಬರುವುದಲ್ಲ.

ನಮ್ಮ ಚೌಕದಲ್ಲಿ ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಮಜೂರರ ಅಡ್ಡಾ ಇರುತ್ತದೆ. ಆಫೀಸಿನ ಕ್ಯಾಬು ಅದರ ಪಕ್ಕದಲ್ಲೇ ನಿಲ್ಲುತ್ತದೆ. 2011ರಿಂದ ಪುಣೆಯಲ್ಲಿದ್ದೇನೆ, ಆ ಗುಂಪಿನಲ್ಲಿ ಅರ್ಧದಷ್ಟು ಜನ ಆಡುವುದು ಕನ್ನಡವೇ ಎಂದು ಗೊತ್ತು. ಯಾದಗಿರಿ, ಕಲಬುರಗಿ, ವಿಜಯಪುರದ ಕನ್ನಡ. ಪುಣೆಯಲ್ಲಿ ಕನ್ನಡಿಗರು ಎಂದರೆ ರಾಜ್ಯೋತ್ಸವಕ್ಕೆ ಸೇರುವ ನಾವು, ಹೋಟೆಲಿನವರು, ಬ್ಯಾಂಕಿನವರು ಎಂದು ಲೆಕ್ಕ ಹಾಕುತ್ತೇವೆ. ಈ ಕಟ್ಟಡಗಳನ್ನೆಲ್ಲ ಎಬ್ಬಿಸಿದ ಕನ್ನಡಿಗರ ಹೆಸರು ಯಾವ ಸಂಘದ ಪಟ್ಟಿಯಲ್ಲೂ ಇರುವುದಿಲ್ಲ. ನನಗೆ ಇದರಲ್ಲಿ ಯಾರನ್ನೋ ದೂರಬೇಕೆಂದಿಲ್ಲ. ಕ್ಯಾಬು ಕಾಯುತ್ತ ನಿಂತಾಗ ಕಿವಿಗೆ ಬಿದ್ದ ಮಾತು ಅಷ್ಟೆ.

ಅಲ್ಲಿ ಸಿಕ್ಕವರು ಶಹಾಪುರ ಕಡೆಯ ಒಬ್ಬ ಗೌಂಡಿ. ಐವತ್ತರ ಆಸುಪಾಸು. ಇಪ್ಪತ್ತೈದು ವರ್ಷದಿಂದ ಇಲ್ಲೇ ಟೈಲಿನ ಕೆಲಸ. ಕೆಲಸ ಚಿಕ್ಕದೆಂದು ಮೊದಲು ತಲೆ ಅಲ್ಲಾಡಿಸಿದರು. "ಕಾಕಾ, ಅರ್ಧ ದಿವಸದ ಪಗಾರ ಕೊಡ್ತೀನಿ, ಮಟ್ಟ ಅಷ್ಟ ಹಿಡದು ಕೊಡ್ರಿ, ಟೈಲ್ ನಾನ ಹಾಕ್ತೀನಿ" ಎಂದಾಗ ಅವರ ಮುಖದಲ್ಲಿ ಮೂಡಿದ್ದು ದುಡ್ಡಿನ ಆಸೆಯಲ್ಲ, ತಮಾಷೆ ನೋಡುವ ಆಸೆ. ಭಾನುವಾರ ಬಂದರು. ಗುಣ್ಯಾ, ಕರಣಿ, ರಸಮಟ್ಟ ಚೀಲದಿಂದ ತೆಗೆದಿಟ್ಟು, ದಾರ ಕಟ್ಟಿ, ಒಂದೂವರೆ ತಾಸಿನಲ್ಲಿ ಇಳಿಜಾರು ಹಿಡಿದು ಕೊಟ್ಟರು. ಒಂದು ಚೊಂಬು ನೀರು ಸುರಿದರು. ಅದು ಎಲ್ಲೂ ತಡವರಿಸದೆ ಮೂಲೆಗೆ ಹೋಯಿತು.

ಆಮೇಲೆ ಕಟರಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ನಾನು ಒಂದು ಟೈಲು ಮುರಿದೆ. ಅವರು ತುಂಡಿನ ಅಂಚಿಗೆ ಹೆಬ್ಬೆರಳು ಸವರಿ, "ಚಂದ ಬರ್ತದ್ರಿ" ಎಂದರು. ತಾವೂ ಒಂದು ಗೀರಿದರು. ಮೊದಲ ಗೀರಿಗೇ ನನ್ನದಕ್ಕಿಂತ ನೇರ ಬಂತು.

"ನೀವ್ಯಾಕ ಇದನ್ನ ಬಳಸಾಂಗಿಲ್ಲ ಕಾಕಾ?" ಎಂದು ಕೇಳಿದೆ. ಈ ಪ್ರಶ್ನೆಗೆ ಅವರು ಕೊಟ್ಟ ಉತ್ತರದಿಂದಾಗಿಯೇ ಈ ಲೇಖನ ಬರೆಯುತ್ತಿದ್ದೇನೆ. ಕೈಕಟರ್ ಒಳ್ಳೆಯದು, ಧೂಳಿಲ್ಲ, ಸದ್ದಿಲ್ಲ ಎಂದಷ್ಟೇ ಬರೆದು ಮುಗಿಸುವುದು ಸುಲಭವಿತ್ತು.

"ಸಾಹೇಬ್ರ, ಈಗ ಬರೂ ಟೈಲ್ ನೋಡೀರಿಲ್ಲೋ? ನಾಕ್ ಫೂಟ್, ಎರಡ್ ಫೂಟ್. ನಿಮ್ಮ ಈ ಮಷಿನ್ಯಾಗ ಕೂಡೂದೇ ಇಲ್ಲ. ದೊಡ್ಡದು ತಗೊಂಡ್ರ ಬಸ್ಸಿನಾಗ ಹ್ಯಾಂಗ ಒಯ್ಯೂದು? ಗ್ರೈಂಡರ್ ಚೀಲದಾಗ ಕೂಡ್ತದ. ಮತ್ತ ನಮಗ ಲೆಕ್ಕ ಫೂಟಿನ ಮ್ಯಾಲ. ಎಲ್ಲ್ ಕಟ್, ತೂತು, ಎಲ್ಲಾ ಅದರಾಗೇ ಆಗ್ತದ. ಎರಡೆರಡ್ ಸಾಮಾನು ಯಾಂವ ಹೊರ್ತಾನ?"

"ನೀರು ಹಾಕಿ ಕೊಯ್ದರ ಧೂಳ ಏಳಾಂಗಿಲ್ಲಲ್ಲ?"

"ಕರೆಂಟಿನ ಮಷೀನ್ ಅದ. ನೀರ ಬಿದ್ರ ಹೊಡೀತದ. ಒಬ್ಬಾಂವ ಹುಡುಗ ಹೋದದ್ದು ನಾನs ನೋಡೀನಿ."

ಮಾತಿನ ನಡುನಡುವೆ ಅವರು ಕೆಮ್ಮುತ್ತಿದ್ದರು. ಬೀಡಿ ಸೇದುವವರ ಕಫದ ಕೆಮ್ಮಲ್ಲ, ಒಣಕೆಮ್ಮು. ಎರಡು ಮಹಡಿ ಹತ್ತಿ ಬಂದಾಗಲೂ ಕಟ್ಟೆಗೆ ಕೈಕೊಟ್ಟು ನಿಂತಿದ್ದರು. ಲಿಫ್ಟ್ ಇದೆಯಲ್ಲ ಎಂದರೆ, ವಾಚ್‌ಮನ್ ಮಜೂರರಿಗೆ ಮೆಟ್ಟಿಲು ಎಂದು ಹೇಳಿದ್ದನಂತೆ.

ಟೈಲಿನ ಮಣ್ಣಿನಲ್ಲಿ ಜೇಡಿ, ಫೆಲ್ಡ್‌ಸ್ಪಾರ್ ಜೊತೆಗೆ ಸ್ಫಟಿಕಶಿಲೆಯ ಪುಡಿಯೂ ಇರುತ್ತದೆ, ಅಂದರೆ ಸಿಲಿಕಾ. ಒಣಗಿದ್ದನ್ನು ಗ್ರೈಂಡರಿನಲ್ಲಿ ಕೊಯ್ದಾಗ ಏಳುವ ಬಿಳಿ ಮೋಡದಲ್ಲಿ ಕಣ್ಣಿಗೆ ಕಾಣುವ ಕಣಗಳು ಅಷ್ಟು ಅಪಾಯಕಾರಿಯಲ್ಲ, ಅವು ಮೂಗು ಗಂಟಲಲ್ಲೇ ನಿಲ್ಲುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣವು ಶ್ವಾಸಕೋಶದ ತಳಕ್ಕೆ ಇಳಿದು ಅಲ್ಲಿ ಗಾಯದ ಕಲೆಯಂತೆ ಗಟ್ಟಿಯಾಗಿಸುತ್ತವೆ. ಸಿಲಿಕೋಸಿಸ್. ಅದಕ್ಕೆ ವಾಸಿ ಎಂಬುದಿಲ್ಲ. ಅಡುಗೆಮನೆಯ ಕಟ್ಟೆಗೆ ಬಳಸುವ, ಸಿಲಿಕಾ ತುಂಬಿದ ಕೃತಕ ಕಲ್ಲನ್ನು ಆಸ್ಟ್ರೇಲಿಯಾ 2024ರ ಜುಲೈ 1ರಿಂದ ನಿಷೇಧಿಸಿತು, ಕೊಯ್ಯುವವರಿಗೆ ಈ ರೋಗ ಬರುತ್ತಿತ್ತೆಂದೇ. ನಮ್ಮಲ್ಲಿ 1948ರ ಕಾರ್ಖಾನೆ ಕಾಯಿದೆಯಲ್ಲೇ ಸಿಲಿಕೋಸಿಸ್ ವರದಿ ಮಾಡಲೇಬೇಕಾದ ರೋಗವಾಗಿತ್ತು. ಆದರೆ ನನ್ನ ಬಾಲ್ಕನಿ ಕಾರ್ಖಾನೆಯಲ್ಲ, ಕಾಕಾ ಕಾರ್ಮಿಕರ ಹಾಜರಿ ಪುಸ್ತಕದಲ್ಲಿಲ್ಲ. ಅವರಿಗೆ ಇರುವುದೇನೆಂದು ನನಗೆ ಹೇಳಲು ಬರುವುದಿಲ್ಲ, ನಾನು ಡಾಕ್ಟರಲ್ಲ. ಎಕ್ಸ್‌ರೇ ಮಾಡಿಸಿದ್ದೀರಾ ಎಂದೆ. "ಊರಿಗೆ ಹೋದಾಗ ನೋಡ್ಬೇಕ್ರಿ."

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು? 1996ರ ಕಾಯಿದೆಯ ಪ್ರಕಾರ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದವರು ನೋಂದಾಯಿಸಿಕೊಳ್ಳಬಹುದಿತ್ತು. ಅವರು ಮಾಡಿದ್ದು 90 ಅಲ್ಲ, ಮುನ್ನೂರು ದಿನ. ಆದರೆ ಅಷ್ಟು ದಿನ ಮಾಡಿದ್ದಾರೆಂದು ಸಹಿ ಹಾಕಿ ಕೊಡಬೇಕಾದವರು ಯಾರೂ ಕೊಟ್ಟಿಲ್ಲ. ಅಡ್ಡಾದಲ್ಲಿ ದಿನಕ್ಕೊಬ್ಬ ಮಾಲಕ. ನಾನು ಅರ್ಧ ದಿನದ ಮಾಲಕ.

ಅವರ ಮಗ ಹತ್ತೊಂಬತ್ತರವನು, ಪಿಯುಸಿ ಬಿಟ್ಟು ದೀಪಾವಳಿಯ ನಂತರ ಇಲ್ಲಿಗೆ ಬರುವವನಿದ್ದಾನಂತೆ, ಕೈ ಕೆಳಗೆ ಕೆಲಸ ಕಲಿಯಲು. ಟೈಲು ಕೊಯ್ಯುವುದು ಹೊಸಬರ ಕೆಲಸ, ಕೂರಿಸುವುದು ಹಳಬರದ್ದು. ನನ್ನ ಮಗಳಿಗೆ ಆಗದ ಧೂಳು ಅವನಿಗೆ ಹೇಗೆ ಆಗುತ್ತದೆ ಎಂದು ನನ್ನ ಹೆಂಡತಿ ಚಹಾ ಕೊಡುತ್ತ ನೇರವಾಗಿಯೇ ಕೇಳಿಬಿಟ್ಟಳು. ಕಾಕಾ ಬಸಿಗೆ ಸುರಿದುಕೊಂಡ ಚಹಾ ಆರಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದಕ್ಕs ವಿಚಾರ ಮಾಡಾಕತ್ತೀನಿ ತಂಗಿ" ಎಂದರು.

ಮುಂದಿನ ವಾರಗಳಲ್ಲಿ ನನ್ನ ಟೈಲು ಕೂತವು. ಬೆಳಗ್ಗೆ ಎರಡು ತಾಸು, ಆಫೀಸಿಗೆ ಮುಂಚೆ. ದಿನಕ್ಕೊಂದು ಎರಡು ಸಾಲು. ಹಲ್ಲಿನ ಕರಣಿಯಿಂದ ಅಂಟು ಹರಡಿ, ಟೈಲು ಒತ್ತಿ, ಒಂದನ್ನು ಎತ್ತಿ ಹಿಂಬದಿ ಪೂರ್ತಿ ಅಂಟಿದೆಯೇ ನೋಡಿ, ಮತ್ತೆ ಕೂರಿಸುವುದು. ಗೋಡೆಯ ಬದಿಯ ಸಂದಿಗೆ ಸಿಮೆಂಟು ತುಂಬಲಿಲ್ಲ, ಸಿಲಿಕೋನ್ ತುಂಬಿದೆ. ಬರುವ ಮೇ ತಿಂಗಳಿಗೆ ಹಿಗ್ಗಿದರೆ ಹಿಗ್ಗಲಿ.

ಜುಲೈನಲ್ಲಿ ಕಾಕಾ ಫೋನ್ ಮಾಡಿ ಕಟರ್ ಕೇಳಿದರು. ವಾಕಡದಲ್ಲಿ ಒಂದು ಮನೆಯ ಬಾತ್‌ರೂಮಿನ ಗೋಡೆ. ಮನೆಯಲ್ಲಿ ಹಸುಗೂಸಿದೆ, ಆ ಮನೆಯಾಕೆಯೂ ಗ್ರೈಂಡರ್ ಬೇಡವೆಂದಿದ್ದಾಳೆ. ಗೋಡೆಯ ಟೈಲು ಮೆತ್ತನೆಯದು, ಎರಡು ಅಡಿಗೆ ಒಂದು ಅಡಿ, ಇದರಲ್ಲಿ ಚೆನ್ನಾಗಿ ಮುರಿಯುತ್ತದೆ. ನಲ್ಲಿಯ ತೂತಿಗೆ ಮಾತ್ರ ಮನೆಯ ಹೊರಗೆ ಹೋಗಿ ಡ್ರಿಲ್ಲು ಹಾಕಿದರಂತೆ. ಕಟರನ್ನು ಆಟೋದಲ್ಲಿ ಕಳಿಸಿದೆ. ಆಮೇಲೆ ಅದು ಮರಳಿ ಬರಲಿಲ್ಲ, ನಾನು ಕೇಳಲೂ ಇಲ್ಲ. ಅಲ್ಲಿಂದ ಇನ್ನೊಂದು ಬಾತ್‌ರೂಮಿಗೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿದೆ.

ಹೋದ ವಾರ ಮತ್ತೆ ಫೋನ್. ಚಕ್ರ ಮೊಂಡಾಗಿದೆ, ಬೇರೆ ಎಲ್ಲಿ ಸಿಗುತ್ತದೆ ಎಂದು. ಅಂಗಡಿ ಹೇಳಿದೆ. ಹಾಗೇ, ನಾಲ್ಕು ಅಡಿಯ ಟೈಲಿಗೆ ಆಗುವ ಕಟರಿಗೆ ಎಷ್ಟು ಎಂದರು. ನಾನು ವಿಚಾರಿಸಿ ತಿಳಿಸಿದೆ: 11,500. ಫೋನಿನ ಆ ಕಡೆ ಲೆಕ್ಕ ನಡೆಯುವುದು ಕೇಳಿಸುತ್ತಿತ್ತು. ಚದರ ಅಡಿಗೆ ಅವರ ಕೈಗೆ ಬರುವುದು 22 ರೂಪಾಯಿ.

"ಐನೂರಾ ಇಪ್ಪತ್ತ್ ಫೂಟ್ ಕೆಲಸ ಆಯ್ತಲ್ರಿ ಅದು," ಎಂದರು. ಸ್ವಲ್ಪ ತಡೆದು, "ಬಸ್ಸಿನಾಗ ಆಗಾಂಗಿಲ್ಲ. ಹುಡುಗ ಬಂದ್ ಮ್ಯಾಲ ಒಂದ್ ಹಳೇ ಲೂನಾ ನೋಡ್ಬೇಕು, ಹಿಂದ ಕಟ್ಟಾಕ."